ಎಳೆಯರ ಕಾಲ್ಚೆಂಡಾಟವೂ ಚಳಿಗಾಲವೂ: ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಕುರಿತ ವಿವೇಚನೆ

೧. ಪ್ರಶ್ನೆಯ ಸ್ವರೂಪ

ಕಲಬುರಗಿ ಸೀಮೆಯ ಹೆಸರನ್ನೆತ್ತಿದೊಡನೆ ಹೊರಗಿನವರ ನೆನಪಿಗೆ ಬರುವುದು ಬಿಸಿಲು. ಈ ಸೀಮೆಗೂ ಒಂದು ಚಳಿಗಾಲವುಂಟೆಂಬುದನ್ನು ಬಲ್ಲವರು ಹೆಚ್ಚಾಗಿ ಇಲ್ಲಿಯ ನಿವಾಸಿಗಳೇ. ಎಳ್ಳಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಬಿಳಿಜೋಳದ ಬೆಳೆ ಆಳೆತ್ತರ ನಿಂತಿರುವಾಗ, ಭೀಮಾ ನದಿಯ ದಂಡೆಯ ಊರುಗಳಲ್ಲಿ ಸೂರ್ಯೋದಯಕ್ಕೆ ಮುಂಚೆ ಮನೆಯಿಂದ ಹೊರಗೆ ಬಂದವನು ಕೌದಿಯನ್ನು ಹೊದೆದುಕೊಂಡೇ ನಿಲ್ಲಬೇಕಾಗುತ್ತದೆ. ಅಂಥದೊಂದು ಮುಂಜಾವದಲ್ಲಿ ಪ್ರೌಢಶಾಲೆಯ ಬಯಲಿನಲ್ಲಿ ಹತ್ತಿಪ್ಪತ್ತು ಮಂದಿ ಮಕ್ಕಳು ಕಾಲ್ಚೆಂಡನ್ನಿಟ್ಟುಕೊಂಡು ನಿಂತಿರುವುದಾಗಿ ವಾಚಕರು ಭಾವಿಸಿಕೊಳ್ಳಲಿ. ಕೆಲವರ ಕಾಲಿನಲ್ಲಿ ಬೂಟುಗಳಿಲ್ಲ, ಕೆಲವರು ಬರಿಯ ಹೊಟ್ಟೆಯಲ್ಲಿ ಬಂದಿದ್ದಾರೆ, ಒಬ್ಬಿಬ್ಬರು ಕೆಮ್ಮುತ್ತಿದ್ದಾರೆ. ಇವರನ್ನು ಆಡಿಸಬೇಕೆ, ಮನೆಗೆ ಕಳುಹಿಸಬೇಕೆ ಎಂಬುದನ್ನು ವ್ಯಾಯಾಮ ಶಿಕ್ಷಕರು ಆ ಗಳಿಗೆಯಲ್ಲಿಯೇ ನಿರ್ಧರಿಸಬೇಕಾಗಿದೆ.

ನಿರ್ಧಾರವು ಸುಲಭವಾದುದಲ್ಲ. ಅಜಾಗರೂಕತೆಯಿಂದ ಆಡಿಸಿದರೆ ಒಂದು ಎಳೆಯ ಜೀವಕ್ಕೆ ಅಪಾಯವೊದಗಬಹುದು. ಅತಿಯಾಗಿ ಹೆದರಿ ಕಳುಹಿಸಿಬಿಟ್ಟರೆ, ವರ್ಷದಲ್ಲಿ ಆಟಕ್ಕೆ ದೊರೆಯುವ ಒಳ್ಳೆಯ ಕಾಲವೇ ಕೈಬಿಟ್ಟು ಹೋಗಬಹುದು. ಚಳಿಯಲ್ಲಿ ಆಟವಾಡುವುದನ್ನು ಕುರಿತ ಶಾಸ್ತ್ರೀಯ ವಿವೇಚನೆಗಳಲ್ಲಿ ಬಹುಪಾಲು ಹಿಮ ಬೀಳುವ ದೇಶಗಳಲ್ಲಿ ಹುಟ್ಟಿದವು. ಅವುಗಳನ್ನು ಹಾಗೆಯೇ ಎತ್ತಿ ತಂದು ಎರೆಭೂಮಿಯ ಈ ಮೂರು ತಾಲೂಕುಗಳಿಗೆ ಅನ್ವಯಿಸುವುದು ಸಲ್ಲದು. ನಮ್ಮ ಚಳಿ ಎಳೆಯ ಆಟಗಾರರಿಗೆ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸಿ, ಅದರಿಂದ ಶಾಲೆಗಳ ಕ್ರೀಡಾಪಂಚಾಂಗವನ್ನು ಕುರಿತು ಹೊರಡುವ ಒಂದು ಮಾತನ್ನು ಮುಂದಿಡುವುದು ಈ ಲೇಖನದ ಉದ್ದೇಶ.

೨. ನೆಲ ಮತ್ತು ಹವೆ

ಆಳಂದ, ಅಫಜಲಪುರ, ಜೇವರ್ಗಿಗಳು ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ದಿಕ್ಕುಗಳಿಗೆ ಹಬ್ಬಿರುವ ತಾಲೂಕುಗಳು. ಭೀಮಾ ನದಿಯು ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿ ಹರಿಯುತ್ತದೆ. ಆಳಂದ ತಾಲೂಕಿನಲ್ಲಿ ಹರಿದು ಬರುವ ಅಮರ್ಜಾ ನದಿಯು ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡಿಕೊಳ್ಳುತ್ತದೆ. ಮೂರೂ ಕಡೆಗಳಲ್ಲಿ ಎರೆಮಣ್ಣಿನದೇ ಪ್ರಾಧಾನ್ಯ. ತೊಗರಿ ಮತ್ತು ಹಿಂಗಾರಿ ಜೋಳಗಳೇ ಮುಖ್ಯ ಬೆಳೆಗಳು.

ಈ ಪ್ರದೇಶವು ಸಮುದ್ರದಿಂದ ದೂರವಿರುವುದರಿಂದ ಇಲ್ಲಿಯ ಹವೆಗೆ ಒಣ ಒಳನಾಡಿನ ಲಕ್ಷಣವಿದೆ. ಮೇ ತಿಂಗಳಿನಲ್ಲಿ ಮಧ್ಯಾಹ್ನದ ಉಷ್ಣತೆ ಸೆಂಟಿಗ್ರೇಡ್ ಮಾನದ ೪೦ ಡಿಗ್ರಿಯ ಸುತ್ತಮುತ್ತ ಇದ್ದು, ಕೆಲವು ದಿನಗಳಲ್ಲಿ ೪೨ರಿಂದ ೪೪ರವರೆಗೂ ಏರುತ್ತದೆ. ಡಿಸೆಂಬರ್ ಮತ್ತು ಜನವರಿಗಳಲ್ಲಿ ಬೆಳಗಿನ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ ೧೫ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಉತ್ತರದ ಒಣಗಾಳಿ ಬೀಸಿದಾಗ ೧೦ ಡಿಗ್ರಿಯ ಸಮೀಪಕ್ಕೂ ಇಳಿಯುವುದುಂಟು. ಗಮನಿಸತಕ್ಕ ಅಂಶವೆಂದರೆ, ಅದೇ ದಿನ ಮಧ್ಯಾಹ್ನ ಉಷ್ಣತೆ ೩೦ ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಎಂದರೆ ಏಳೆಂಟು ಗಂಟೆಗಳ ಅವಧಿಯಲ್ಲಿ ಹದಿನೈದು ಡಿಗ್ರಿಗಳ ಅಂತರ. ಹಗಲು ಮತ್ತು ರಾತ್ರಿಗಳ ನಡುವಿನ ಈ ಅಂತರವೇ ನಮ್ಮ ಚಳಿಗಾಲದ ಮುಖ್ಯ ಲಕ್ಷಣ.

ಇದರ ಕಾರಣ ಸರಳವಾದುದು. ಚಳಿಗಾಲದಲ್ಲಿ ಆಕಾಶ ನಿರ್ಮಲವಾಗಿರುತ್ತದೆ, ಹವೆಯಲ್ಲಿ ನೀರಾವಿ ಕಡಿಮೆ. ಹಗಲು ಕಾಯ್ದ ನೆಲವು ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಗುಲಿದ ಗಾಳಿ ತಣ್ಣಗಾಗಿ, ಭಾರವಾಗಿ, ತಗ್ಗಿನ ಕಡೆಗೆ ಹರಿಯುತ್ತದೆ. ಆದ್ದರಿಂದಲೇ ದಿಬ್ಬದ ಮೇಲಿನ ಊರಿಗಿಂತ ಹೊಳೆಯ ದಂಡೆಯ ತಗ್ಗಿನ ಬಯಲಿನಲ್ಲಿ ಥಂಡಿ ಹೆಚ್ಚು. ತಂಪಾದ ಗಾಳಿಯ ಈ ಪದರದ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಲ್ಲುವುದರಿಂದ, ಒಲೆಯ ಹೊಗೆ, ಕಸ ಸುಟ್ಟ ಹೊಗೆ, ರಸ್ತೆಯ ಧೂಳು ಮೇಲಕ್ಕೇರದೆ ಮಕ್ಕಳು ಉಸಿರಾಡುವ ಎತ್ತರದಲ್ಲಿಯೇ ಸುಳಿದಾಡುತ್ತವೆ. ದಿನದ ಅತ್ಯಂತ ಕಡಿಮೆ ಉಷ್ಣತೆ ಬರುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯದ ಹೊತ್ತಿಗೆ. ಜನವರಿಯ ಮೊದಲಿನಲ್ಲಿ ಇಲ್ಲಿ ಸೂರ್ಯೋದಯವಾಗುವುದು ಸುಮಾರು ೬ ಗಂಟೆ ೫೦ ನಿಮಿಷಕ್ಕೆ. ಬೆಳಗಿನ ಆರು ಗಂಟೆಗೆ ಅಭ್ಯಾಸಕ್ಕೆ ಕರೆಯುವ ಶಿಕ್ಷಕರು ಕತ್ತಲೆಯನ್ನೂ, ಚಳಿಯನ್ನೂ, ಹೊಗೆಯನ್ನೂ ಒಟ್ಟಿಗೆ ಆರಿಸಿಕೊಂಡಂತಾಗುತ್ತದೆ.

೩. ಹೊರದೇಶಗಳ ಚಳಿ, ನಮ್ಮ ಚಳಿ

ಕಾಲ್ಚೆಂಡಾಟದ ನಿಯಮಗಳು ೧೮೬೩ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡವು. ಅಲ್ಲಿಯ ಆಟದ ಋತು ಬೇಸಗೆಯ ಕೊನೆಯಿಂದ ಮುಂದಿನ ವಸಂತದವರೆಗೆ, ನಡುವಿನ ಚಳಿಗಾಲವನ್ನೆಲ್ಲ ಒಳಗೊಂಡು ನಡೆಯುತ್ತದೆ. ೧೯೬೨-೬೩ರ ಚಳಿಗಾಲ ಆ ದೇಶದಲ್ಲಿ ಎಷ್ಟು ಕಠೋರವಾಗಿತ್ತೆಂದರೆ, ಎಫ್.ಎ. ಕಪ್ಪಿನ ಮೂರನೆಯ ಸುತ್ತಿನ ಪಂದ್ಯಗಳು ಮುಗಿಯಲು ೬೬ ದಿನಗಳು ಹಿಡಿದವು. ಮೈದಾನಗಳು ಹೆಪ್ಪುಗಟ್ಟಿ ಕಲ್ಲಿನಂತಾಗಿದ್ದುದೇ ಇದಕ್ಕೆ ಕಾರಣ.

ಅಂಥ ದೇಶಗಳಲ್ಲಿ ಚಳಿಯನ್ನು ಅಳೆಯಲು ಉಷ್ಣಮಾಪಕವೊಂದೇ ಸಾಲದು. ಗಾಳಿಯ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳುಪದರವನ್ನು ಬೀಸುಗಾಳಿ ಕಿತ್ತುಕೊಂಡು ಹೋಗುವುದೇ ಇದರ ರಹಸ್ಯ. ಅಂಟಾರ್ಕ್ಟಿಕದಲ್ಲಿ ನಡೆಸಿದ ಪ್ರಯೋಗಗಳ ಆಧಾರದಿಂದ ಸೈಪಲ್ ಮತ್ತು ಪ್ಯಾಸಲ್ ಎಂಬ ವಿಜ್ಞಾನಿಗಳು ೧೯೪೫ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಅಮೆರಿಕ ಮತ್ತು ಕೆನಡಾಗಳು ೨೦೦೧ರಲ್ಲಿ ಪರಿಷ್ಕರಿಸಿದವು. ಅದರ ಪ್ರಕಾರ, ಸೊನ್ನೆಗಿಂತ ೧೦ ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಗಂಟೆಗೆ ೨೦ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಅದು ಸೊನ್ನೆಗಿಂತ ಸುಮಾರು ೧೮ ಡಿಗ್ರಿ ಕೆಳಗಿರುವಂತೆ ಚರ್ಮಕ್ಕೆ ತೋರುತ್ತದೆ. ನಮ್ಮ ಕಡೆಯ ಅತಿ ತಂಪಾದ ಬೆಳಗಿಗೆ, ಎಂದರೆ ೧೦ ಡಿಗ್ರಿಗೆ, ಇದೇ ಲೆಕ್ಕವನ್ನು ಹಿಡಿದರೆ ದೊರೆಯುವುದು ಸುಮಾರು ೭ ಡಿಗ್ರಿ. ಚರ್ಮ ಹೆಪ್ಪುಗಟ್ಟಿ ಬೆರಳುಗಳು ಸಾಯುವುದಕ್ಕೆ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿದಿರಲೇಬೇಕು. ಆದುದರಿಂದ ಹಿಮದೇಶಗಳ ಪುಸ್ತಕಗಳು ಬಹಳವಾಗಿ ಎಚ್ಚರಿಸುವ ಆ ಅಪಾಯವು ಆಳಂದದಲ್ಲಾಗಲಿ, ಜೇವರ್ಗಿಯಲ್ಲಾಗಲಿ ಇಲ್ಲವೆಂದು ನಿಸ್ಸಂಶಯವಾಗಿ ಹೇಳಬಹುದು.

ಆದರೆ ಸೊನ್ನೆಗಿಂತ ಮೇಲಿರುವ ಚಳಿಯೆಲ್ಲ ನಿರಪಾಯವೆಂದು ತಿಳಿಯಲಾಗದು. ೨೦೨೧ರ ಮೇ ೨೨ರಂದು ಚೀನದ ಗಾನ್ಸು ಪ್ರಾಂತದ ಬೆಟ್ಟಸಾಲಿನಲ್ಲಿ ನಡೆದ ದೀರ್ಘ ಓಟದ ಸ್ಪರ್ಧೆಯಲ್ಲಿ, ಹಠಾತ್ತಾಗಿ ಬಂದ ಮಳೆ, ಆಲಿಕಲ್ಲು, ಬಿರುಗಾಳಿಗಳಿಗೆ ಸಿಕ್ಕಿ ೨೧ ಮಂದಿ ಓಟಗಾರರು ಪ್ರಾಣ ಕಳೆದುಕೊಂಡರು. ನೆನೆದ ಬಟ್ಟೆ, ಗಾಳಿ, ದಣಿವು, ಇವು ಮೂರೂ ಕೂಡಿದರೆ ದೇಹದ ಒಳಗಿನ ಉಷ್ಣತೆ ೩೫ ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿ ಬರಬಹುದು. ಇದರಿಂದ ನಾವು ಕಲಿಯತಕ್ಕ ಪಾಠವೊಂದಿದೆ: ಚಳಿಯಲ್ಲಿ ಶತ್ರುವಾಗುವುದು ಉಷ್ಣಮಾಪಕದ ಅಂಕೆಗಿಂತ ಹೆಚ್ಚಾಗಿ ಒದ್ದೆ ಬಟ್ಟೆ.

ನಮ್ಮ ದೇಶದ ಆಟದ ಇತಿಹಾಸದಲ್ಲಿಯೂ ಚಳಿಯ ಒಂದು ಪ್ರಸಂಗವುಂಟು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿದ ಭಾರತ ತಂಡವು ಫ್ರಾನ್ಸಿಗೆ ೧-೨ರಿಂದ ಸೋತರೂ ಎಲ್ಲರ ಮೆಚ್ಚುಗೆ ಪಡೆಯಿತು. ೧೯೫೨ರ ಹೆಲ್ಸಿಂಕಿಯಲ್ಲಿ, ಉತ್ತರದೇಶದ ತಂಪು ಹವೆಯಲ್ಲಿ, ಇನ್ನೂ ಕೆಲವರು ಬರಿಗಾಲಿನಲ್ಲಿಯೇ ಇಳಿದ ತಂಡವು ಯುಗೋಸ್ಲಾವಿಯಕ್ಕೆ ೧-೧೦ರಿಂದ ಸೋತಿತು. ಆ ಬಳಿಕ ಬೂಟು ಧರಿಸುವುದು ಕಡ್ಡಾಯವಾಯಿತು. ಅಂದಿನ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು. ನಾವು ಈಗ ಚರ್ಚಿಸುತ್ತಿರುವ ಮೂರು ತಾಲೂಕುಗಳೂ ೧೯೫೬ರ ನವೆಂಬರ್ ೧ರವರೆಗೆ ಅದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವೆಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ರಹೀಂ ಅವರ ಮಾರ್ಗದರ್ಶನದಲ್ಲಿ ಭಾರತವು ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ, ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನೂ ಗಳಿಸಿತು. ಕಬಡ್ಡಿ, ಖೊ-ಖೊ, ಕ್ರಿಕೆಟ್ಟುಗಳಷ್ಟು ಈ ಆಟ ನಮ್ಮ ತಾಲೂಕುಗಳಲ್ಲಿ ಹಬ್ಬಿಲ್ಲವಾದರೂ, ಇದು ಈ ಸೀಮೆಗೆ ಅಪರಿಚಿತವಾದ ಪರಂಪರೆಯೇನೂ ಅಲ್ಲ.

೪. ಓಡುವವನೂ ನಿಂತವನೂ

ಚಳಿಯಲ್ಲಿ ಆಡುವ ಮಗುವಿನ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ಈಗ ನೋಡೋಣ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಚಲನೆಯಾಗಿ ಮಾರ್ಪಡುವುದು ಕಾಲುಭಾಗಕ್ಕಿಂತ ಹೆಚ್ಚಲ್ಲ, ಉಳಿದುದೆಲ್ಲ ಶಾಖವಾಗುತ್ತದೆ. ಸುಮಾರು ೪೦ ಕಿಲೋ ತೂಕದ ಬಾಲಕನೊಬ್ಬನು ಬಿರುಸಾಗಿ ಆಡುವಾಗ ಅವನ ದೇಹದಲ್ಲಿ ಹುಟ್ಟುವ ಶಾಖವು ವಿಶ್ರಾಂತಿಯ ಕಾಲದ ಐದಾರು ಪಟ್ಟು ಇರುತ್ತದೆ. ಆ ಶಾಖವು ಸ್ವಲ್ಪವೂ ಹೊರಗೆ ಹೋಗದಿದ್ದರೆ, ಅವನ ದೇಹದ ಉಷ್ಣತೆ ಏಳೆಂಟು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರುತ್ತ ಹೋಗುವುದೆಂದು ಲೆಕ್ಕ ಹಾಕಬಹುದು. ಸುತ್ತಲಿನ ಗಾಳಿ ೧೨ ಡಿಗ್ರಿ ಇರುವಾಗ ಈ ಶಾಖವು ಸಲೀಸಾಗಿ ಹೊರಗೆ ಹೋಗುತ್ತದೆ. ಆದಕಾರಣ ಓಡುತ್ತಿರುವ ಮಗುವಿಗೆ ನಮ್ಮ ಚಳಿಯು ಶತ್ರುವಲ್ಲ, ಸಹಾಯಕ.

ಅಪಾಯವಿರುವುದು ನಿಂತವನಿಗೆ. ಗೋಲುರಕ್ಷಕನು ಹತ್ತು ಹದಿನೈದು ನಿಮಿಷ ಚೆಂಡನ್ನೇ ಮುಟ್ಟದೆ ನಿಂತಿರಬಹುದು. ಬದಲಿ ಆಟಗಾರನು ಗೆರೆಯ ಆಚೆ ಕುಳಿತಿರುತ್ತಾನೆ. ಅರ್ಧ ಆಟವಾಡಿ ಬೆವರಿದವನು ವಿರಾಮದಲ್ಲಿ ಒದ್ದೆ ಅಂಗಿಯೊಡನೆ ಗಾಳಿಗೆ ಮೈಯೊಡ್ಡಿ ನಿಲ್ಲುತ್ತಾನೆ. ಒಂದು ಗ್ರಾಂ ಬೆವರು ಆರುವಾಗ ಚರ್ಮದಿಂದ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಸೆಳೆದೊಯ್ಯುತ್ತದೆ. ನಮ್ಮ ಒಣಗಾಳಿಯಲ್ಲಿ ಅದು ಬೇಗನೆ ಆರುತ್ತದೆ. ಓಟ ನಿಂತ ಮೇಲೆ ಹೊಸ ಶಾಖ ಹುಟ್ಟುವುದು ಕಡಿಮೆಯಾಗುತ್ತದೆ, ಹೊರಹೋಗುವುದು ಮಾತ್ರ ಮುಂದುವರಿಯುತ್ತದೆ. ಮಕ್ಕಳಲ್ಲಿ ಈ ನಷ್ಟವು ದೊಡ್ಡವರಿಗಿಂತ ಬೇಗ ಆಗುತ್ತದೆ. ಏಕೆಂದರೆ ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಮೈ ವಿಸ್ತಾರವಾದುದು; ಚರ್ಮದ ಕೆಳಗಿನ ಕೊಬ್ಬು ಕಡಿಮೆ. ಮುಂಜಾನೆ ಏನನ್ನೂ ತಿನ್ನದೆ ಬಂದ ಬಡಕಲು ಮೈಯ ಮಗುವಿಗಂತೂ ಉರಿಸಲು ಇಂಧನವೂ ಇಲ್ಲ, ಮುಚ್ಚಿಕೊಳ್ಳಲು ಹೊದಿಕೆಯೂ ಇಲ್ಲ. ಮೈದಾನದ ಶಿಕ್ಷಕರ ಕಣ್ಣು ಚೆಂಡಿನ ಸುತ್ತ ಇರುವುದು ಸಹಜ. ಚಳಿಗಾಲದಲ್ಲಿ ಅದು ಚೆಂಡಿನಿಂದ ದೂರ ಇರುವವರ ಮೇಲೆ ಇರಬೇಕು.

ಇನ್ನೊಂದು ತೊಂದರೆ ಉಸಿರಾಟಕ್ಕೆ ಸಂಬಂಧಿಸಿದುದು. ಬಿರುಸಿನ ಓಟದಲ್ಲಿ ಮಗು ಬಾಯಿಂದ ಉಸಿರೆಳೆಯುತ್ತದೆ. ತಂಪಾದ ಒಣಗಾಳಿ ಮೂಗಿನಲ್ಲಿ ಬೆಚ್ಚಗಾಗದೆ ನೇರವಾಗಿ ಶ್ವಾಸನಾಳಗಳಿಗೆ ಹೋಗಿ, ಅಲ್ಲಿಯ ತೇವವನ್ನು ಹೀರಿಕೊಳ್ಳುತ್ತದೆ. ಉಬ್ಬಸದ ಪ್ರಕೃತಿಯವರಲ್ಲಿ ಇದರಿಂದ ನಾಳಗಳು ಕಿರಿದಾಗಿ, ಕೆಮ್ಮು ಮತ್ತು ಏದುಸಿರು ತೋರುತ್ತವೆ. ಬೆಳಗಿನ ಹೊಗೆ ಮತ್ತು ಧೂಳು ಇದನ್ನು ಹೆಚ್ಚಿಸುತ್ತವೆ. ಆಟದ ವೇಳೆಯಲ್ಲಿ ಕೆಮ್ಮುವ ಮಗುವನ್ನು ಸೋಮಾರಿಯೆಂದು ಗದರಿಸುವುದು ತಪ್ಪು. ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ತಿಳಿಸುವುದು ಕರ್ತವ್ಯ. ಆದರೆ ಥಂಡಿಗಾಳಿ ತಗುಲಿದ ಮಾತ್ರಕ್ಕೆ ನೆಗಡಿ ಹತ್ತುವುದೆಂದು ತಾಯಂದಿರು ಅಂಜುವುದಕ್ಕೆ ಪೂರ್ಣ ಆಧಾರವಿಲ್ಲ. ನೆಗಡಿಯನ್ನು ತರುವುದು ವೈರಸ್ಸು. ಅದು ಸುಲಭವಾಗಿ ಹರಡುವುದು ಕಿಟಕಿ ಮುಚ್ಚಿ ಒತ್ತಾಗಿ ಕುಳಿತ ಕೋಣೆಗಳಲ್ಲಿ.

೫. ಚೆಂಡು ಮತ್ತು ಬಯಲು

ಚಳಿಯು ಮೈಯನ್ನಷ್ಟೇ ಅಲ್ಲದೆ ಆಟದ ಸಾಮಗ್ರಿಯನ್ನೂ ಬದಲಿಸುತ್ತದೆ. ನಿಯಮದ ಪ್ರಕಾರ ಚೆಂಡಿನ ಒಳಗಿನ ಒತ್ತಡವು ಹೊರಗಿನ ವಾಯುಒತ್ತಡಕ್ಕಿಂತ ೦.೬ರಿಂದ ೧.೧ ವಾಯುಮಾನದಷ್ಟು ಹೆಚ್ಚಿರಬೇಕು. ಮಧ್ಯಾಹ್ನ ೩೦ ಡಿಗ್ರಿಯಲ್ಲಿ ೦.೮ರಷ್ಟು ಗಾಳಿ ತುಂಬಿದ ಚೆಂಡು, ಮರುದಿನ ಬೆಳಿಗ್ಗೆ ೧೨ ಡಿಗ್ರಿಯಲ್ಲಿ ಸುಮಾರು ೦.೭ಕ್ಕೆ ಇಳಿದಿರುತ್ತದೆ. ಗಾಳಿ ಸೋರಿಲ್ಲ, ತಣ್ಣಗಾದ ಅನಿಲದ ಒತ್ತಡ ಕುಗ್ಗಿದೆ ಅಷ್ಟೆ. ಇದಕ್ಕೆ ಬದಲಾಗಿ, ಬೆಳಗಿನ ಚಳಿಯಲ್ಲಿ ೧.೦ರಷ್ಟು ಬಿಗಿಯಾಗಿ ತುಂಬಿದರೆ, ಅದೇ ಚೆಂಡು ಮಧ್ಯಾಹ್ನದ ಪಂದ್ಯದ ಹೊತ್ತಿಗೆ ೧.೧ನ್ನು ಮೀರಿ ಕಲ್ಲಿನಂತಾಗುತ್ತದೆ. ಬರಿಗಾಲಿನ ಮಗುವಿಗೆ, ತಲೆಯಿಂದ ಚೆಂಡನ್ನು ಹೊಡೆಯುವ ಮಗುವಿಗೆ, ಈ ವ್ಯತ್ಯಾಸ ಸಣ್ಣದಲ್ಲ. ಪಂದ್ಯದ ವೇಳೆಯಲ್ಲಿಯೇ ಒತ್ತಡವನ್ನು ಪರೀಕ್ಷಿಸುವುದು ಕ್ಷೇಮ. ಭೌತವಿಜ್ಞಾನದ ಅಧ್ಯಾಪಕರು ಅನಿಲಗಳ ನಿಯಮವನ್ನು ಬೋಧಿಸುವಾಗ ಈ ಉದಾಹರಣೆಯನ್ನು ಕೊಟ್ಟರೆ ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು.

ಬಯಲಿನ ವಿಷಯ ಇನ್ನೂ ಮುಖ್ಯವಾದುದು. ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಮಳೆಗಾಲದಲ್ಲಿ ಆ ಮಣ್ಣು ಕಾಲಿಗೆ ಅಂಟಿ, ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಗುತ್ತದೆ, ಚೆಂಡು ಉರುಳುವುದಿಲ್ಲ, ಓಡುವವನು ಜಾರುತ್ತಾನೆ, ಇಲ್ಲವೆ ಹೂತ ಕಾಲನ್ನು ತಿರುಗಿಸಲಾರದೆ ಮೊಣಕಾಲು ನೋಯಿಸಿಕೊಳ್ಳುತ್ತಾನೆ. ದೀಪಾವಳಿ ಕಳೆದ ಮೇಲೆ ನೆಲ ಗಟ್ಟಿಯಾಗಿ ಆಡಲು ಅನುಕೂಲವಾಗುತ್ತದೆ. ತೇವ ಇಳಿದಂತೆಲ್ಲ ಬಿರುಕುಗಳು ತಲೆದೋರುತ್ತವೆ; ಬೇಸಗೆಯಲ್ಲಿ ಅವು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗುತ್ತವೆ. ಆದ್ದರಿಂದ ಚಳಿಗಾಲದ ನಡುಭಾಗದಲ್ಲಿ ಬಯಲನ್ನು ವಾರಕ್ಕೊಮ್ಮೆ ನಡೆದು ನೋಡಿ, ಬಿರುಕುಗಳಿಗೆ ಸಣ್ಣ ಗರಸು ತುಂಬಿ ನೀರು ಚಿಮುಕಿಸಬೇಕು. ಇದು ಹಣದ ಕೆಲಸಕ್ಕಿಂತ ಹೆಚ್ಚಾಗಿ ಗಮನದ ಕೆಲಸ.

೬. ಬಿಸಿಲಿನೊಡನೆ ಹೋಲಿಕೆ

ಚಳಿಯ ತೊಂದರೆಗಳನ್ನು ಇಷ್ಟು ಎಣಿಸಿದ ಮೇಲೆ ಬೇಸಗೆಯ ತೊಂದರೆಯನ್ನು ಪಕ್ಕದಲ್ಲಿಟ್ಟು ತೂಗಬೇಕು. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು ಮೀರಿದಾಗ ದೇಹಕ್ಕೆ ಉಳಿಯುವ ದಾರಿ ಬೆವರೊಂದೇ. ಚಳಿಗೆ ಒಂದು ಅಂಗಿಯನ್ನು ಹೆಚ್ಚಾಗಿ ತೊಡಬಹುದು, ಓಡಿ ಬೆಚ್ಚಗಾಗಬಹುದು; ಬಿಸಿಲಿಗೆ ಕಳಚಬಹುದಾದ ಚರ್ಮವಿಲ್ಲ. ಬಿಸಿಲಿನ ಹೊರೆಯನ್ನು ಅಳೆಯಲು ೧೯೫೦ರ ದಶಕದಲ್ಲಿ ಅಮೆರಿಕದ ನೌಕಾಸೈನಿಕರ ತರಬೇತಿಯ ಸಂದರ್ಭದಲ್ಲಿ ಒಂದು ಮಾನವನ್ನು ರೂಪಿಸಿದರು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪುಗೋಳದ ಉಷ್ಣಮಾಪಕಕ್ಕೆ ಎರಡು ಪಾಲು, ಸಾಮಾನ್ಯ ಉಷ್ಣಮಾಪಕಕ್ಕೆ ಒಂದು ಪಾಲು ತೂಕ ಕೊಟ್ಟು ಅದನ್ನು ಲೆಕ್ಕ ಹಾಕುತ್ತಾರೆ. ೨೦೧೪ರ ಬ್ರೆಜಿಲ್ ವಿಶ್ವಕಪ್ಪಿನಲ್ಲಿ ಈ ಮಾನವು ೩೨ನ್ನು ದಾಟಿದಾಗ ನೀರು ಕುಡಿಯಲು ಆಟವನ್ನು ನಿಲ್ಲಿಸುವ ಏರ್ಪಾಡಿತ್ತು. ಜೂನ್ ೨೯ರಂದು ಫೋರ್ಟಲೇಜಾ ನಗರದಲ್ಲಿ ನೆದರ್ಲೆಂಡ್ಸ್ ಮತ್ತು ಮೆಕ್ಸಿಕೊ ತಂಡಗಳ ಪಂದ್ಯವನ್ನು ಹಾಗೆಯೇ ನಿಲ್ಲಿಸಲಾಯಿತು. ಕತಾರಿನ ೨೦೨೨ರ ವಿಶ್ವಕಪ್ಪನ್ನಂತೂ ಬೇಸಗೆಯಿಂದ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಿಗೇ ಸರಿಸಿದರು. ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟವೇ ಉಷ್ಣದೇಶದ ಚಳಿಗಾಲಕ್ಕೆ ತಲೆಬಾಗಿತೆಂಬುದು ನಮ್ಮ ಚರ್ಚೆಗೆ ಮಹತ್ವದ ದೃಷ್ಟಾಂತ.

ಮಕ್ಕಳು ದೊಡ್ಡವರಿಗಿಂತ ಬಿಸಿಲನ್ನು ತಾಳಲಾರರೆಂಬ ಭಾವನೆ ಹಿಂದೆ ಪ್ರಬಲವಾಗಿತ್ತು. ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ೨೦೧೧ರಲ್ಲಿ ಈ ಅಭಿಪ್ರಾಯವನ್ನು ಪರಿಷ್ಕರಿಸಿತು. ಸಾಕಷ್ಟು ನೀರು ಕುಡಿದ ಆರೋಗ್ಯವಂತ ಮಕ್ಕಳ ತಾಳಿಕೆ ದೊಡ್ಡವರಿಗಿಂತ ಹೀನವಾದುದಲ್ಲ. ಅಪಾಯ ಬರುವುದು ನೀರಿನ ಕೊರತೆ, ಅತಿಶ್ರಮ, ವಿಶ್ರಾಂತಿಯ ಅಭಾವಗಳಿಂದ ಎಂಬುದು ಅದರ ತಾತ್ಪರ್ಯ. ಎಂದರೆ ಹೊಣೆಯು ಮಗುವಿನ ದೇಹಕ್ಕಿಂತ ಹೆಚ್ಚಾಗಿ ಆಟವನ್ನು ಏರ್ಪಡಿಸುವ ದೊಡ್ಡವರ ಮೇಲಿದೆ.

೭. ಕ್ರೀಡಾಪಂಚಾಂಗದ ವಿಚಾರ

ಇಷ್ಟರಿಂದ ಹೊರಡುವ ನಿರ್ಣಯವೇನು? ಈ ಮೂರು ತಾಲೂಕುಗಳಲ್ಲಿ ಬೇಸಗೆಯ ಬಿಸಿಲೂ ಮಳೆಗಾಲದ ಎರೆಮಣ್ಣೂ ಕಾಲ್ಚೆಂಡಾಟಕ್ಕೆ ಪ್ರತಿಕೂಲವಾದವು. ನವೆಂಬರಿನಿಂದ ಫೆಬ್ರವರಿಯ ನಡುವಿನವರೆಗಿನ ಕಾಲವೊಂದೇ ನೆಲವೂ ಹವೆಯೂ ಒಟ್ಟಿಗೆ ಅನುಕೂಲವಾಗಿರುವ ಕಾಲ. ಆದರೆ ಶಾಲೆಗಳ ಕ್ರೀಡಾಕೂಟಗಳು ಬಹುಮಟ್ಟಿಗೆ ನಡೆಯುವುದು ಮಳೆಗಾಲದ ತಿಂಗಳುಗಳಲ್ಲಿ. ಬಂಗಾಳದಲ್ಲಿ ಕಾಲ್ಚೆಂಡಾಟವು ಮಳೆಗಾಲದ ಆಟವಾಗಿ ಬೆಳೆಯಿತು. ೧೯೧೧ರ ಜುಲೈ ೨೯ರಂದು ಮೋಹನ್ ಬಾಗಾನ್ ತಂಡವು ಐ.ಎಫ್.ಎ. ಷೀಲ್ಡನ್ನು ಗೆದ್ದದ್ದೂ ಮಳೆಯ ತಿಂಗಳಿನಲ್ಲಿಯೇ. ಗಂಗೆಯ ಮೆಕ್ಕಲುಮಣ್ಣಿಗೆ ಒಪ್ಪಿದ ಆ ಪದ್ಧತಿ ಭೀಮೆಯ ಎರೆಮಣ್ಣಿಗೆ ಒಪ್ಪಬೇಕಾಗಿಲ್ಲ.

ಋತುವಿಗೆ ತಕ್ಕಂತೆ ವೇಳೆಯನ್ನು ಬದಲಿಸುವುದು ಇಲ್ಲಿ ಹೊಸ ಮಾತೇನೂ ಅಲ್ಲ. ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ ೮ ಗಂಟೆಯಿಂದ ಮಧ್ಯಾಹ್ನ ೧-೩೦ರವರೆಗೆ ಎಂದು ಬದಲಿಸುವ ಆದೇಶಗಳು ಅನೇಕ ವರ್ಷಗಳಿಂದ ಹೊರಡುತ್ತ ಬಂದಿವೆ. ನೆರಳಿನಲ್ಲಿ ಕುಳಿತು ಕೆಲಸ ಮಾಡುವ ದೊಡ್ಡವರಿಗೆ ಇಷ್ಟು ಸೌಕರ್ಯವಿರುವಾಗ, ಬಯಲಿನಲ್ಲಿ ಓಡುವ ಮಕ್ಕಳ ಪಂಚಾಂಗವನ್ನು ಸೀಮೆಯ ಹವೆಗೆ ಹೊಂದಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಾಗದು.

ಇದಕ್ಕೆ ಎದುರಾಗಬಹುದಾದ ಆಕ್ಷೇಪಣೆಗಳನ್ನು ಮರೆಮಾಚಬಾರದು. ಚಳಿಗಾಲ ಮುಗಿಯುತ್ತಿದ್ದಂತೆ ಪರೀಕ್ಷೆಗಳು ಬರುತ್ತವೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಜನವರಿಯ ಬಳಿಕ ಮೈದಾನಕ್ಕೆ ಬಿಡಲು ಮುಖ್ಯೋಪಾಧ್ಯಾಯರೂ ಪೋಷಕರೂ ಒಪ್ಪಲಾರರು. ಡಿಸೆಂಬರ್ ಮತ್ತು ಜನವರಿಗಳು ತೊಗರಿಯ ರಾಶಿಯ ಕಾಲವಾದುದರಿಂದ ಅನೇಕ ಮಕ್ಕಳು ಹೊಲದಲ್ಲಿ ಕೈನೆರವಾಗಬೇಕಾಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಲವು ಕುಟುಂಬಗಳು ದುಡಿಮೆಗಾಗಿ ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೋಗುತ್ತವೆ. ಒಳ್ಳೆಯ ಆಟಗಾರನು ಋತುವಿನ ನಡುವೆಯೇ ಕಾಣೆಯಾಗುತ್ತಾನೆ. ಹಗಲು ಹನ್ನೊಂದು ಗಂಟೆಗಳಿಗಿಂತ ಸ್ವಲ್ಪವೇ ಹೆಚ್ಚಿರುವುದರಿಂದ, ಶಾಲೆ ಬಿಟ್ಟ ಮೇಲೆ ಕತ್ತಲಾಗುವ ಮುನ್ನ ಒಂದು ಗಂಟೆಯೂ ಪೂರ್ತಿಯಾಗಿ ಸಿಗುವುದಿಲ್ಲ. ಇವೆಲ್ಲ ನಿಜವಾದ ಅಡಚಣೆಗಳು. ಹಾಗಿದ್ದರೂ ನವೆಂಬರಿನ ನಡುವಿನಿಂದ ಡಿಸೆಂಬರಿನ ಕೊನೆಯವರೆಗೆ ಆರು ವಾರಗಳ ಒಂದು ಸಣ್ಣ ಋತುವನ್ನು ಶನಿವಾರ ಮತ್ತು ಭಾನುವಾರಗಳಲ್ಲಿ ನಡೆಸಲು ಸಾಧ್ಯವಿದೆ. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಬಾಲಕ ಬಾಲಕಿಯರಿಗೆ ಮುಂದಿನ ಪರೀಕ್ಷೆಯ ಭಯವೂ ಅಷ್ಟಿಲ್ಲ.

೮. ಅನುಸರಿಸತಕ್ಕ ಕ್ರಮಗಳು

ಮೊದಲನೆಯದು, ವೇಳೆ. ಚಳಿಗಾಲದ ಅಭ್ಯಾಸವನ್ನು ಸೂರ್ಯೋದಯವಾಗಿ ಮುಕ್ಕಾಲು ಗಂಟೆ ಕಳೆದ ಮೇಲೆ, ಎಂದರೆ ೭-೩೦ರ ಬಳಿಕ, ಆರಂಭಿಸತಕ್ಕದ್ದು. ಅಷ್ಟು ಹೊತ್ತಿಗೆ ಹೊಗೆಯ ಪದರವು ಚೆದರತೊಡಗುತ್ತದೆ, ನೆಲದ ಬಿರುಕುಗಳೂ ಕಣ್ಣಿಗೆ ಬೀಳುತ್ತವೆ. ಮಧ್ಯಾಹ್ನ ೧೨ರಿಂದ ೩ರವರೆಗೆ ಚಳಿಗಾಲದಲ್ಲಿಯೂ ದೀರ್ಘ ಪಂದ್ಯಗಳು ಬೇಡ.

ಎರಡನೆಯದು, ಮೈ ಕಾಯಿಸುವ ವ್ಯಾಯಾಮ. ತಣ್ಣಗಿರುವ ಸ್ನಾಯು ನಿಧಾನವಾಗಿ ಬಿಗಿಯುತ್ತದೆ, ಬೇಗ ಹರಿಯುತ್ತದೆ. ವಿಶ್ವ ಕಾಲ್ಚೆಂಡು ಸಂಸ್ಥೆಯಾದ ಫೀಫಾ ಪ್ರಚಾರಕ್ಕೆ ತಂದಿರುವ ಹನ್ನೊಂದು-ಪ್ಲಸ್ ಎಂಬ ಕ್ರಮದಲ್ಲಿ ಮೂರು ಭಾಗಗಳೂ ೧೫ ವ್ಯಾಯಾಮಗಳೂ ಇದ್ದು, ಅದಕ್ಕೆ ಸುಮಾರು ೨೦ ನಿಮಿಷ ಸಾಕು. ವಿಶೇಷ ಸಲಕರಣೆಯೇನೂ ಬೇಡ. ನಾರ್ವೆ ದೇಶದ ೧೩ರಿಂದ ೧೭ ವರ್ಷದ ಬಾಲಕಿಯರಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಪಾಲಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿದ್ದವು.

ಮೂರನೆಯದು, ಆಹಾರ ಮತ್ತು ನೀರು. ಆಟಕ್ಕೆ ಮುಂಚೆ ಒಂದು ಹಿಡಿ ಶೇಂಗಾ ಮತ್ತು ಬೆಲ್ಲ, ಇಲ್ಲವೆ ಅರ್ಧ ಸಜ್ಜೆ ರೊಟ್ಟಿಯಾದರೂ ಮಗುವಿನ ಹೊಟ್ಟೆಯಲ್ಲಿರಬೇಕು. ಸರಕಾರಿ ಶಾಲೆಗಳಲ್ಲಿ ೨೦೧೩ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯ ಹಾಲು ದೊರೆಯುತ್ತಿದೆ. ಅಭ್ಯಾಸವು ಬೆಳಿಗ್ಗೆ ಇರುವಲ್ಲಿ ಅಭ್ಯಾಸ ಮುಗಿದೊಡನೆ ಬಿಸಿಹಾಲು ಸಿಗುವಂತೆ ಹೊಂದಿಸುವುದು ಲೇಸು.  ಚಳಿಯಲ್ಲಿ ಬಾಯಾರಿಕೆ ತೋರದು, ಮೂತ್ರ ಹೆಚ್ಚು ಹೋಗುತ್ತದೆ, ಒಣಗಾಳಿ ತೇವವನ್ನು ಸೆಳೆಯುತ್ತದೆ. ಆದಕಾರಣ ಕೇಳದಿದ್ದರೂ ನೀರು ಕುಡಿಸಬೇಕು.

ನಾಲ್ಕನೆಯದು, ಬಟ್ಟೆ. ದಪ್ಪನೆಯ ಒಂದೇ ಸ್ವೆಟರಿಗಿಂತ ತೆಳುವಾದ ಎರಡು ಅಂಗಿಗಳು ಮೇಲು. ಮೈ ಬಿಸಿಯಾದಂತೆ ಒಂದನ್ನು ಕಳಚಬಹುದು. ವಿರಾಮದಲ್ಲಿ ತೊಡಲು ಒಣಗಿದ ಅಂಗಿಯೊಂದನ್ನು ತರಲು ಹೇಳಬೇಕು. ಬದಲಿ ಆಟಗಾರರನ್ನು ಹತ್ತು ನಿಮಿಷಕ್ಕೊಮ್ಮೆ ಓಡಿಸಬೇಕು. ಗೋಲುರಕ್ಷಕರನ್ನು ಅಭ್ಯಾಸದ ಪಂದ್ಯಗಳಲ್ಲಿ ಸರದಿಯ ಮೇಲೆ ಬದಲಿಸಬೇಕು. ನಡುಕ ನಿಲ್ಲದ, ಮಾತು ತೊದಲುವ, ಹೆಜ್ಜೆ ತಪ್ಪುವ ಮಗುವನ್ನು ಕೂಡಲೆ ಹೊರಗೆ ಕರೆತಂದು, ಒದ್ದೆ ಬಟ್ಟೆ ತೆಗೆದು, ಕೌದಿ ಹೊದಿಸಿ, ಬಿಸಿಯಾದ ಪಾನೀಯ ಕೊಟ್ಟು ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಐದನೆಯದು, ದಾಖಲೆ. ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ, ಇವಿಷ್ಟೇ ಸಾಕು. ಪ್ರತಿದಿನ ಅಭ್ಯಾಸದ ವೇಳೆಯ ಉಷ್ಣತೆ, ಬಂದ ಮಕ್ಕಳ ಸಂಖ್ಯೆ, ಆದ ಗಾಯಗಳು, ಕೆಮ್ಮಿದವರು, ಇವನ್ನು ಬರೆದಿಡಬೇಕು. ಆಳಂದ, ಅಫಜಲಪುರ, ಜೇವರ್ಗಿಗಳ ಕಾಲೇಜುಗಳ ವಿದ್ಯಾರ್ಥಿಗಳು ಸಮೀಪದ ಶಾಲೆಯೊಂದರಲ್ಲಿ ಎರಡು ಚಳಿಗಾಲ ಈ ಕೆಲಸವನ್ನು ಕೈಕೊಂಡರೆ, ಹಿಮದೇಶಗಳ ಪಟ್ಟಿಗಳನ್ನು ಎರವಲು ತರುವ ಅಗತ್ಯ ಕಡಿಮೆಯಾಗಿ, ನಮ್ಮ ನೆಲದ ಅಂಕೆಗಳೇ ನಮಗೆ ಮಾತನಾಡತೊಡಗುವುವು.

ಮೊದಲಿನಲ್ಲಿ ಚೆಂಡಿನ ಸುತ್ತ ನಿಂತ ಮಕ್ಕಳನ್ನು ಕಂಡೆವಷ್ಟೆ. ಆ ಶಿಕ್ಷಕರಿಗೆ ಈಗ ಕೊಡಬಹುದಾದ ಉತ್ತರವಿದು: ಅವರನ್ನು ಮನೆಗೆ ಕಳುಹಿಸಬೇಕಾಗಿಲ್ಲ. ಬಿಸಿಲು ಸ್ವಲ್ಪ ಏರಲಿ, ಹೊಟ್ಟೆಗೆ ಏನಾದರೂ ಬೀಳಲಿ, ಮೈ ಕಾಯಲಿ, ಕೆಮ್ಮುವವರು ಪಕ್ಕದಲ್ಲಿ ನೆರಳು ಬಿಟ್ಟು ಬಿಸಿಲಿಗೆ ಕುಳಿತಿರಲಿ, ಉಳಿದವರು ಆಡಲಿ. ನಾಲ್ಕು ತಿಂಗಳು ಕಳೆದರೆ ಇದೇ ಬಯಲು ಕಾದ ಹಂಚಿನಂತಾಗುವುದು.